ಬಾಗಿಲ ಮೇಲಿನ ಬರಹ



ಬ್ಯಾಡಗಿ ಕಡೆಯ ತಾಯಿಯೊಬ್ಬರು ಒಂದು ಸಂಜೆ ನಮ್ಮನ್ನು ಕಾಣಲು ಬಂದಿದ್ದರು. ಮೆಣಸಿನಕಾಯಿಯ ದರ ಬಿದ್ದಂದಿನಿಂದ ಅವರ ಯಜಮಾನರಿಗೆ ನಿದ್ರೆಯಿಲ್ಲ, ಸರಿಯಾಗಿ ಊಟವಿಲ್ಲ, ಮನೆಯವರೊಂದಿಗೆ ಮಾತೂ ಇಲ್ಲ. ಒಂದು ರಾತ್ರಿ ಎಲ್ಲರೂ ಮಲಗಿದ ಮೇಲೆ ಈ ತಾಯಿ ಮಗನ ಮೊಬೈಲು ತೆಗೆದುಕೊಂಡು, ಸಹಾಯ ಮಾಡುವವರು ಯಾರಾದರೂ ಇದ್ದಾರೆಯೇ ಎಂದು ಹುಡುಕಿದರು. ಆಪ್ತಸಮಾಲೋಚನಾ ಕೇಂದ್ರವೊಂದರ ಜಾಲತಾಣ ತೆರೆದುಕೊಂಡಿತು.

"ಓದಿದಿರಾ ಅಮ್ಮಾ?" ಎಂದು ಕೇಳಿದೆವು.

"ಓದಿದ್ನಿರಿ ಫಾದರ್, ತಿಳೀಲಿಲ್ಲ. ಬರೀ ರೋಗದ ಹೆಸರ ಇದ್ವು. ನಮ್ಮನಿಯವ್ರಿಗೆ ಹುಚ್ಚೇನ ಹಿಡದಿಲ್ಲಲ್ಲ ಅಂತ ಮುಚ್ಚಿಬಿಟ್ಟೆ."

ಸ್ವಲ್ಪ ಹೊತ್ತಿನ ನಂತರ ಅವರೇ ಮೂರು ಪ್ರಶ್ನೆ ಕೇಳಿದರು. ಅಲ್ಲಿ ಕೂತಿರುವವರು ಯಾರು? ಎಷ್ಟು ಖರ್ಚಾಗುತ್ತದೆ? ಹೋಗಿಬಂದದ್ದು ಊರಿಗೆಲ್ಲ ಗೊತ್ತಾಗುತ್ತದೆಯೇ? ಅವರು ನೋಡಿದ ಪುಟದಲ್ಲಿ ಈ ಮೂರಕ್ಕೂ ಉತ್ತರವಿರಲಿಲ್ಲ.

ಕೆಲವು ದಿನಗಳ ನಂತರ, ರಾಣೇಬೆನ್ನೂರಿನಲ್ಲಿ ಹೊಸದಾಗಿ ಆಪ್ತಸಮಾಲೋಚನೆ ಆರಂಭಿಸಲಿದ್ದ ಯುವತಿಯೊಬ್ಬರು ತಮ್ಮ ಜಾಲತಾಣದ ಬರಹವನ್ನು ತಂದು, "ಕನ್ನಡ ತಿದ್ದಿಕೊಡಿ" ಎಂದರು. ವ್ಯಾಕರಣದಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಆ ತಾಯಿಯ ಮೂರು ಪ್ರಶ್ನೆಗಳು ನಮ್ಮ ಕಿವಿಯಲ್ಲಿ ಇನ್ನೂ ಇದ್ದವು. ಅಂದು ಅವರೊಂದಿಗೆ ಕುಳಿತು ಆಡಿದ ಮಾತುಗಳನ್ನೇ ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ. ಇಂತಹ ಸೇವೆ ನಡೆಸುವವರಿಗೂ, ಅಂತಹವರಿಗೆ ಜಾಲತಾಣ ಮಾಡಿಕೊಡುವ ನಮ್ಮ ಯುವಕ ಯುವತಿಯರಿಗೂ ಇದು ಉಪಯೋಗವಾಗಬಹುದು.

ಒಂದು ಜಾಲತಾಣದ ಬರಹಕ್ಕೆ ಇಷ್ಟೊಂದು ಮಹತ್ವವೇಕೆ? ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮಂದಿ ಒಂದಲ್ಲ ಒಂದು ಮಾನಸಿಕ ತೊಂದರೆಯಿಂದ ಬಳಲುತ್ತಿದ್ದರು. ಅವರಲ್ಲಿ ಹೆಚ್ಚಿನವರಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. 2024ರ ಮಾರ್ಚ್ 11ರಂದು ದರ ಕುಸಿದಾಗ ಬ್ಯಾಡಗಿ ಮಾರುಕಟ್ಟೆಯಲ್ಲಿ ವಾಹನಗಳಿಗೆ ಬೆಂಕಿ ಬಿದ್ದುದನ್ನು ನಾಡೆಲ್ಲ ನೋಡಿತು. ಆದರೆ ಮಾಲು ಮಾರಿ, ಸಾಲದ ಲೆಕ್ಕ ಹಾಕುತ್ತಾ ಮನೆಯಲ್ಲಿ ಎಚ್ಚರವಾಗಿ ಮಲಗಿದವರನ್ನು ನೋಡಿದವರು ಯಾರು? ಅಂಥವರು ಹಗಲಿನಲ್ಲಿ ಯಾರನ್ನೂ ಕೇಳುವುದಿಲ್ಲ. ರಾತ್ರಿ ಮೊಬೈಲಿನಲ್ಲಿ ಹುಡುಕುತ್ತಾರೆ. ಆ ಹೊತ್ತಿನಲ್ಲಿ ಕೇಂದ್ರದ ಬಾಗಿಲು ಮುಚ್ಚಿರುತ್ತದೆ, ತೆರೆದಿರುವುದು ಆ ಪುಟವೊಂದೇ. ಮೊದಲ ಭೇಟಿ ಅಲ್ಲಿಯೇ ನಡೆದುಹೋಗುತ್ತದೆ.

ಹಾಗಾದರೆ ಆ ಪುಟದಲ್ಲಿ ಏನಿರಬೇಕು?

ಮೊದಲನೆಯದಾಗಿ, ಓದುವವರ ಕಷ್ಟ ಅವರದೇ ಮಾತಿನಲ್ಲಿರಬೇಕು. ಆ ಯುವತಿಯ ಬರಹದ ಮೊದಲ ಸಾಲು ಹೀಗಿತ್ತು: "ವ್ಯಕ್ತಿಯ ಸಮಗ್ರ ಮನೋಸಾಮಾಜಿಕ ಸಬಲೀಕರಣಕ್ಕಾಗಿ ಸಾಕ್ಷ್ಯಾಧಾರಿತ ಸೇವೆಗಳನ್ನು ನಮ್ಮ ಕೇಂದ್ರವು ಒದಗಿಸುತ್ತದೆ." ಇದು ಪರೀಕ್ಷೆಯ ಉತ್ತರಪತ್ರಿಕೆಗೆ ಸರಿ. ಸಂಕಟದಲ್ಲಿರುವವರು ಇಂತಹ ಮಾತನ್ನು ಹುಡುಕುವುದಿಲ್ಲ. ಅವರು ಮೊಬೈಲಿನಲ್ಲಿ ಬೆರಳಾಡಿಸುವುದು "ನಿದ್ದೆ ಬರ್ತಿಲ್ಲ", "ಎದೆ ಡವಡವ ಅಂತದೆ", "ಗಂಡ ಕುಡಿತ ಬಿಡ್ತಿಲ್ಲ", "ಮಗ ಓದ್ತಿಲ್ಲ" ಎಂದು. ಈ ಮಾತುಗಳು ಪುಟದಲ್ಲಿದ್ದರೆ ಹುಡುಕುವವರಿಗೆ ಪುಟ ಸಿಗುವ ಸಂಭವ ಹೆಚ್ಚು. ಸಿಕ್ಕ ಮೇಲೆ, "ಇವರಿಗೆ ನನ್ನ ಕಷ್ಟ ಗೊತ್ತಿದೆ" ಎಂಬ ಧೈರ್ಯವೂ ಬರುತ್ತದೆ. "ನೀವು ಹುಚ್ಚರಲ್ಲ" ಎಂದು ಸಮಾಧಾನ ಹೇಳುವ ಬರಹಗಳೂ ಇವೆ. ದಯವಿಟ್ಟು ಹಾಗೆ ಬರೆಯಬೇಡಿ. ಓದುವವರ ಮನಸ್ಸಿನಲ್ಲಿ ಉಳಿಯುವುದು ಆ ಒಂದು ಪದವೇ. ಸರ್ವಜ್ಞ ನಮ್ಮ ಹಾವೇರಿ ಜಿಲ್ಲೆಯವನೆಂದು ಹೆಮ್ಮೆ ಪಡುತ್ತೇವೆ. ಅವನ ತ್ರಿಪದಿಗೆ ಮೂರೇ ಸಾಲು. ಅಕ್ಷರ ಬಾರದವರ ಬಾಯಲ್ಲಿಯೂ ಅದು ಉಳಿದುಬಂದಿದೆ. ನಮ್ಮ ನೆಲದ ಮಾತಿಗೆ ಅಷ್ಟು ಶಕ್ತಿಯಿರುವಾಗ ನಾವೇಕೆ ಕಠಿಣ ಪದಗಳ ಹಿಂದೆ ಅಡಗಬೇಕು?

ಎರಡನೆಯದಾಗಿ, ನೀವು ಯಾರೆಂಬುದನ್ನು ನಿಜವಾಗಿ ಹೇಳಬೇಕು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಇನ್ನೆಲ್ಲೋ ಬೆಳೆದ ಬೇರೆ ಕಾಯಿಗೆ ಆ ಹೆಸರು ಹಚ್ಚಿ ಮಾರುವಂತಿಲ್ಲ. ಮನಸ್ಸಿನ ಸೇವೆಯಲ್ಲಿಯೂ ಹೆಸರು ಮತ್ತು ಮಾಲು ಒಂದೇ ಆಗಿರಬೇಕಲ್ಲವೇ? ಮನೋವೈದ್ಯರು ವೈದ್ಯಕೀಯ ಪದವಿ ಪಡೆದವರು, ಔಷಧಿ ಬರೆದುಕೊಡಬಲ್ಲವರು. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಕರೆದುಕೊಳ್ಳುವವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು. ಆಪ್ತಸಮಾಲೋಚಕರು ಮಾತಿನ ಮೂಲಕ ನೆರವಾಗುವವರು, ಔಷಧಿ ಕೊಡುವವರಲ್ಲ. ಲೈಫ್ ಕೋಚ್ ಎಂಬ ತರಬೇತುದಾರರು ಗುರಿ, ಉದ್ಯೋಗ, ಅಭ್ಯಾಸಗಳ ವಿಷಯದಲ್ಲಿ ಮಾರ್ಗದರ್ಶನ ಮಾಡಬಹುದು, ಕಾಯಿಲೆಗೆ ಚಿಕಿತ್ಸೆ ನೀಡುವವರಲ್ಲ. ಈ ವ್ಯತ್ಯಾಸ ಹಳ್ಳಿಯಿಂದ ಬರುವವರಿಗೆ ತಿಳಿದಿರುವುದಿಲ್ಲ. ಅದನ್ನು ತಿಳಿಸುವುದು ಬರೆಯುವವರ ಕರ್ತವ್ಯ. ಪದವಿ ಯಾವುದು, ನೋಂದಣಿ ಸಂಖ್ಯೆ ಇದ್ದರೆ ಎಷ್ಟು, ಯಾವ ತೊಂದರೆಗೆ ನೆರವಾಗಬಲ್ಲಿರಿ, ಯಾವುದಕ್ಕೆ ಬೇರೆಯವರ ಬಳಿ ಕಳುಹಿಸುತ್ತೀರಿ ಎಂಬುದನ್ನು ಸ್ಪಷ್ಟವಾಗಿ ಬರೆಯಿರಿ. ಪ್ರಾರ್ಥನೆ ಬೇಕೆಂದು ನಮ್ಮ ಬಳಿ ಬರುವವರಲ್ಲಿಯೂ ಕೆಲವರಿಗೆ ವೈದ್ಯರು ಬೇಕಾಗಿರುತ್ತಾರೆ. ಅವರನ್ನು ಹಾವೇರಿಯ ಜಿಲ್ಲಾ ಆಸ್ಪತ್ರೆಗೋ ಧಾರವಾಡದ ಡಿಮ್ಹಾನ್ಸ್‌ಗೋ ಕಳುಹಿಸುವುದರಿಂದ ನಮ್ಮ ಗೌರವ ಕಡಿಮೆಯಾಗಿಲ್ಲ.

"ನೂರಕ್ಕೆ ನೂರು ಗುಣ", "ಮೂರೇ ಭೇಟಿಯಲ್ಲಿ ಪರಿಹಾರ" ಎಂಬ ಮಾತುಗಳು ಎಂದಿಗೂ ಬೇಡ. ಮೂರು ಭೇಟಿಯ ನಂತರವೂ ಗುಣವಾಗದಿದ್ದರೆ ಆ ವ್ಯಕ್ತಿ ನಿಮ್ಮನ್ನು ದೂರುವುದಿಲ್ಲ, "ನನಗೆ ಇನ್ನು ದಾರಿಯೇ ಇಲ್ಲ" ಎಂದುಕೊಳ್ಳುತ್ತಾನೆ. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿಲ್ಲ.

ಮೂರನೆಯದಾಗಿ, ಗುಟ್ಟು ಕಾಯುವ ಮಾತು. ಸಣ್ಣ ಊರುಗಳಲ್ಲಿ ಇದೇ ಎಲ್ಲಕ್ಕಿಂತ ದೊಡ್ಡ ಭಯ. ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಒಂದೇ ರೈಲು ಮಾರ್ಗದಲ್ಲಿವೆ. ಒಂದು ಊರಿನ ಸುದ್ದಿ ಇನ್ನೊಂದಕ್ಕೆ ರೈಲಿಗಿಂತ ಬೇಗ ತಲುಪುತ್ತದೆ! 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೆಯ ಕಲಮು ಮಾನಸಿಕ ಕಾಯಿಲೆಯಿರುವವರಿಗೆ ಗೋಪ್ಯತೆಯ ಹಕ್ಕು ನೀಡಿದೆ. ಜೀವಕ್ಕೆ ಅಪಾಯವಿದ್ದಾಗ ಮಾತ್ರವೇ ಮೊದಲಾದ ಕೆಲವು ವಿನಾಯಿತಿಗಳೂ ಅದರಲ್ಲಿವೆ. ಎರಡನ್ನೂ ಪುಟದಲ್ಲಿ ಹೇಳಿರಿ. "ಎಂದಿಗೂ ಯಾರಿಗೂ ಹೇಳುವುದಿಲ್ಲ" ಎಂದು ಬರೆದು, ಜೀವ ಉಳಿಸಲು ಮನೆಯವರಿಗೆ ತಿಳಿಸಬೇಕಾಗಿ ಬಂದರೆ ಕೊಟ್ಟ ಮಾತು ಮುರಿದಂತಾಗುತ್ತದೆ.

ಗುಣವಾದವರ ಫೋಟೋ, ಹೆಸರು, ಸಾಕ್ಷ್ಯಗಳನ್ನು ಹಾಕುವ ಪದ್ಧತಿ ಬೆಳೆಯುತ್ತಿದೆ. ಸಹಾಯ ಪಡೆದ ವ್ಯಕ್ತಿ ಉಪಕಾರದ ಹೊರೆಯಿಂದಲೇ "ಆಗಲಿ" ಎಂದುಬಿಡುತ್ತಾನೆ. ಅದು ನಿಜವಾದ ಒಪ್ಪಿಗೆಯೇ? ಈ ಲೇಖನದ ಆರಂಭದ ಘಟನೆಯನ್ನು ಬರೆಯಲು ನಾವೂ ಹಿಂದೆಮುಂದೆ ನೋಡಿದೆವು. ಆ ತಾಯಿಗೆ ಬರಹವನ್ನು ಓದಿ ಹೇಳಿ, "ಬೇಡ ಎಂದರೂ ನಮಗೆ ಬೇಸರವಿಲ್ಲ" ಎಂದು ತಿಳಿಸಿ, ಗುರುತಾಗುವ ವಿವರಗಳನ್ನು ಬದಲಿಸಿದ ಮೇಲೆಯೇ ಬರೆದಿದ್ದೇವೆ.

ಇವಿಷ್ಟನ್ನೂ ಮನಸ್ಸಿನಲ್ಲಿಟ್ಟುಕೊಂಡು ಆ ಯುವತಿ ತಮ್ಮ ಬರಹವನ್ನು ಮತ್ತೆ ಬರೆದರು. ಅದರ ತಿರುಳು ಹೀಗಿದೆ:

"ರಾತ್ರಿ ನಿದ್ದೆ ಬರುತ್ತಿಲ್ಲವೇ? ಸಾಲದ ಚಿಂತೆ ಬಿಡುತ್ತಿಲ್ಲವೇ? ಮನೆಯಲ್ಲಿ ಮಾತು ನಿಂತುಹೋಗಿದೆಯೇ? ಬಂದು ಮಾತನಾಡಿ. ನಾನು ಸಮಾಲೋಚಕಿ, ವೈದ್ಯೆ ಅಲ್ಲ. ಔಷಧಿ ಬೇಕೆನಿಸಿದರೆ ಎಲ್ಲಿಗೆ ಹೋಗಬೇಕೆಂದು ಹೇಳುತ್ತೇನೆ. ಮೊದಲ ದಿನ ಒಂದು ಗಂಟೆ ಕೂತು ನಿಮ್ಮ ಮಾತು ಕೇಳುತ್ತೇನೆ. ಏನನ್ನು ಹೇಳಬೇಕು, ಏನನ್ನು ಹೇಳಬಾರದು ಎಂಬುದು ನಿಮ್ಮ ಇಷ್ಟ. ನೀವು ಹೇಳಿದ್ದು ನನ್ನಲ್ಲೇ ಇರುತ್ತದೆ. ಜೀವಕ್ಕೆ ಅಪಾಯವೆನಿಸಿದರೆ ಮಾತ್ರ ನಿಮಗೆ ತಿಳಿಸಿ ಮನೆಯವರ ನೆರವು ಕೇಳುತ್ತೇನೆ."

ಇದರ ಕೆಳಗೆ ಶುಲ್ಕ ಎಷ್ಟು, ಕೊಡಲಾಗದವರು ಏನು ಮಾಡಬೇಕು, ಯಾವ ದಿನ ಯಾವ ಹೊತ್ತು, ಬಸ್ ನಿಲ್ದಾಣದಿಂದ ದಾರಿ ಹೇಗೆ, ವಾಟ್ಸಾಪಿನಲ್ಲಿ ಕೇಳಿದರೆ ಎಷ್ಟು ಹೊತ್ತಿನಲ್ಲಿ ಉತ್ತರ ಎಂಬುದನ್ನು ಬರೆದರು. ಹೆಸರು ಮತ್ತು ಫೋನ್ ಸಂಖ್ಯೆ ಬಿಟ್ಟು ಬೇರೇನನ್ನೂ ಕೇಳುವ ಅರ್ಜಿ ಇಡಲಿಲ್ಲ. ಕಷ್ಟದ ಕಥೆಯನ್ನು ಪೆಟ್ಟಿಗೆಯೊಳಗೆ ತುಂಬಿಸಿಕೊಳ್ಳುವುದು ಬೇಡ, ಎದುರು ಕೂತಾಗ ಕೇಳೋಣ ಎಂದರು.

ಇನ್ನೊಂದು ಸಾಲು ಇಂತಹ ಪ್ರತಿಯೊಂದು ಪುಟದ ಮೇಲ್ಭಾಗದಲ್ಲಿಯೇ ಇರಬೇಕು. ಬದುಕು ಬೇಡವೆನಿಸಿದವರು ಸೋಮವಾರದವರೆಗೆ ಕಾಯಲಾರರು. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಇದು ಉಚಿತ, ಹಗಲು ರಾತ್ರಿ ಲಭ್ಯ, ಕನ್ನಡದಲ್ಲಿಯೂ ಮಾತನಾಡಬಹುದು. ತುರ್ತು ಸಂದರ್ಭಕ್ಕೆ 112. ಈ ಸಂಖ್ಯೆಗಳನ್ನು ಒತ್ತಿದರೆ ಕರೆ ಹೋಗುವಂತೆ ಇಡಿ, ಚಿತ್ರದೊಳಗೆ ಬರೆದಿಡಬೇಡಿ.

ಎಲ್ಲ ಮುಗಿದ ಮೇಲೆ ಒಂದು ಪರೀಕ್ಷೆ ಮಾಡಿರಿ. ಬರಹವನ್ನು ಓದು ಬಾರದ ಅಜ್ಜಿಯೊಬ್ಬರಿಗೆ ಗಟ್ಟಿಯಾಗಿ ಓದಿ ಹೇಳಿ. ಅವರು "ಹಂಗಂದ್ರ?" ಎಂದು ಕೇಳಿದ ಕಡೆಯೆಲ್ಲ ತಿದ್ದಿಕೊಳ್ಳಿ. ಕಡಿಮೆ ಬೆಲೆಯ ಮೊಬೈಲಿನಲ್ಲಿ, ಸಿಗ್ನಲ್ ಸರಿಯಿಲ್ಲದ ಹಳ್ಳಿಯಲ್ಲಿ ಪುಟ ತೆರೆಯುತ್ತದೆಯೇ ನೋಡಿ. ತಿಂಗಳಿಗೊಮ್ಮೆ ನಿಮ್ಮ ಸಂಖ್ಯೆಗೆ ನೀವೇ ಕರೆ ಮಾಡಿ. ಬಹಳ ಧೈರ್ಯ ತಂದುಕೊಂಡು ಕರೆ ಮಾಡಿದವರಿಗೆ "ಈ ಸಂಖ್ಯೆ ಚಾಲ್ತಿಯಲ್ಲಿಲ್ಲ" ಎಂಬ ಉತ್ತರ ಬಂದರೆ, ಅವರು ಎರಡನೆಯ ಸಲ ಯಾರಿಗೂ ಕರೆ ಮಾಡದೇ ಇರಬಹುದು.

ಆ ತಾಯಿಯ ಯಜಮಾನರು ಈಗ ಚಿಕಿತ್ಸೆ ಪಡೆಯುತ್ತಿದ್ದಾರೆ. ಸಾಲ ಇನ್ನೂ ತೀರಿಲ್ಲ, ಆದರೆ ರಾತ್ರಿ ಸ್ವಲ್ಪ ನಿದ್ರೆ ಬರುತ್ತಿದೆ, ಊಟಕ್ಕೆ ಎಲ್ಲರೊಂದಿಗೆ ಕೂರುತ್ತಾರೆ. ಆ ತಾಯಿಗೆ ನಮ್ಮ ಬಳಿ ಬರುವ ಧೈರ್ಯವಿತ್ತು. ಆ ಧೈರ್ಯವಿಲ್ಲದೆ ಪುಟ ಮುಚ್ಚಿ ಮಲಗುವವರು ಎಷ್ಟೋ ಮಂದಿ ಇರಬಹುದು. ಹೌದು ಪ್ರಿಯರೇ, ಇಂದು ರಾತ್ರಿಯೂ ನಮ್ಮ ಊರುಗಳಲ್ಲಿ ಯಾರೋ ಒಬ್ಬರು ಕತ್ತಲಲ್ಲಿ ಮೊಬೈಲು ಹಿಡಿದು ಕುಳಿತಿರಬಹುದು. ಅವರಿಗೆ ಅರ್ಥವಾಗುವ ನಾಲ್ಕು ಸಾಲುಗಳನ್ನು, ಸುಳ್ಳಿಲ್ಲದೆ ಬರೆದಿಡೋಣ.