ಮಳೆ ಲೆಕ್ಕ ಊರಿಗೆಲ್ಲ, ಬೆಳೆ ಲೆಕ್ಕ ಕಚೇರಿಗೆ!

ತಂತಿಬೇಲಿಯೊಳಗೊಂದು ಕಂಬ, ಅದಕ್ಕೊಂದು ಸೋಲಾರ್ ಫಲಕ, ಪಕ್ಕದಲ್ಲಿ ಡಬ್ಬಿಯಂಥ ಮಳೆಮಾಪಕ. ಚಿತ್ರದುರ್ಗ ಜಿಲ್ಲೆಯ ಬಿ.ಜಿ. ಕೆರೆಯಲ್ಲಿ ಇದನ್ನು ನೋಡಲೆಂದೇ ಬಸ್ಸಿಳಿದವನು ನಾನೊಬ್ಬನೇ ಇರಬೇಕು. ಈ ಬಗೆಯ ಮಾಪಕದೊಳಗೆ ಜೋಡಿ ಬಟ್ಟಲುಗಳಿರುತ್ತವೆ. ಒಂದು ತುಂಬಿ ಮಗುಚಿಕೊಂಡರೆ ಇನ್ನೊಂದು ಧಾರೆಗೆ ಬಾಯೊಡ್ಡುತ್ತದೆ. ಎಷ್ಟು ಸಲ ಮಗುಚಿತೋ ಅಷ್ಟು ಮಳೆ. 15 ನಿಮಿಷಕ್ಕೊಮ್ಮೆ ಆ ಲೆಕ್ಕ ಯಲಹಂಕದ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ (ಕೆಎಸ್‌ಎನ್‌ಡಿಎಂಸಿ) ಸೇರುತ್ತದೆ. ಸೇಂಗಾ ಹೊಲದ ಬದುವಿನಾಚೆ ಹದ ಮಳೆ, ಈಚೆ ಧೂಳು ಎನ್ನುವ ಸೀಮೆಯಿದು. ಪಂಚಾಯಿತಿಗೊಂದು ಮಾಪಕ ಇಲ್ಲಿ ಐಷಾರಾಮವೇನಲ್ಲ.

1988ರಲ್ಲಿ ಬರ ನಿಗಾ ಕೋಶವಾಗಿ ಹುಟ್ಟಿ, 2007ರಲ್ಲಿ ಹೆಸರು ಬದಲಿಸಿಕೊಂಡ ಈ ಸಂಸ್ಥೆ ಮಳೆ ಮಾಹಿತಿಯನ್ನು ಧಾರಾಳವಾಗಿ ಹಂಚುತ್ತದೆ. ಇಕ್ಕಟ್ಟು ಶುರುವಾಗುವುದು ರೈತರ ಮಾಹಿತಿಗೆ ಬಂದಾಗ. ರೈತನ ಪಹಣಿ ‘ಭೂಮಿ’ ತಂತ್ರಾಂಶದಲ್ಲಿ, ಗುರುತಿನ ಸಂಖ್ಯೆ (ಎಫ್‌ಐಡಿ) ‘ಫ್ರೂಟ್ಸ್’ನಲ್ಲಿ, ಬೆಳೆ ವಿಮೆ ‘ಸಂರಕ್ಷಣೆ’ಯಲ್ಲಿ. ಇಲಾಖೆ ಇಲಾಖೆಗೆ ಮಾಹಿತಿ ಕೊಡುವುದೆಂದರೆ ಅಧಿಕಾರಿಗಳಿಗೆ ಬಲು ಹುರುಪು. ಸಹಾಯಧನಕ್ಕೆ ಪ್ರತಿಸಲ ಪಹಣಿ ಜೆರಾಕ್ಸ್ ಹಿಡಿದು ಅಲೆಯುವುದು ತಪ್ಪಿತಲ್ಲ, ಅದು ಸಣ್ಣ ಉಪಕಾರವಲ್ಲ. ಆದರೆ ಹೊರಗಿನವರು ಕೇಳಿದೊಡನೆ ಕಡತ ಮುಚ್ಚಿಕೊಳ್ಳುತ್ತದೆ.

ಹೊಸ ಕಾನೂನು ಆ ಸಂಕೋಚಕ್ಕೆ ಬೆಂಬಲವಾಗಿ ಸಿಕ್ಕಿದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರದ್ದು, ನಿಯಮಗಳು ಬಂದದ್ದು ನವೆಂಬರ್ 2025ರಲ್ಲಿ. ಆ ಕಾಯ್ದೆಯ 44(3)ನೇ ಕಲಮು ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ)ಯನ್ನೇ ತಿದ್ದಿತು. ಈಗ ‘ವೈಯಕ್ತಿಕ’ ಎಂದರೆ ಸಾಕು, ಅರ್ಜಿ ವಾಪಸ್. ಸಾರ್ವಜನಿಕ ಹಿತಕ್ಕಾಗಿ ಮಾಹಿತಿ ಕೊಡಬಹುದೆನ್ನುವ 8(2) ಇನ್ನೂ ಇದೆ. ಅದು ಎಷ್ಟು ಮೇಜುಗಳ ಮೇಲೆ ನೆನಪಾಗುತ್ತದೋ!

ಯುರೋಪಿನಲ್ಲಿ 2025ರ ಸೆಪ್ಟೆಂಬರ್ 12ರಿಂದ ಜಾರಿಯಾದ ದತ್ತಾಂಶ ಕಾಯ್ದೆಯ ಧಾಟಿ ಬೇರೆ. ಯಂತ್ರ ಹುಟ್ಟಿಸಿದ ಮಾಹಿತಿ ಅದನ್ನು ಬಳಸುವವನಿಗೂ ಸಿಗಬೇಕು. ಪ್ರವಾಹದಂಥ ತುರ್ತಿನಲ್ಲಿ ಸರ್ಕಾರ ಕಂಪನಿಗಳಿಂದಲೂ ಕೇಳಿ ಪಡೆಯಬಹುದು. ಚಿತ್ರದುರ್ಗದ ಗುಡ್ಡಗಳ ಗಾಳಿಯಂತ್ರಗಳಿಗೆ ಅಷ್ಟು ದೂರದ ಕಾಯ್ದೆಯೇನೂ ಬೇಕಾಗಲಿಲ್ಲ. ಗಾಳಿ, ಸೌರ ವಿದ್ಯುತ್ತಿನ ಉತ್ಪಾದನೆಯ ಅಂದಾಜನ್ನು ಮುಂಚೆಯೇ ಕೊಡಬೇಕೆನ್ನುತ್ತದೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ (ಕೆಇಆರ್‌ಸಿ) 2015ರ ನಿಯಮ. ಗ್ರಿಡ್ ಕೇಳಿದರೆ ಮಾಹಿತಿ ಹೊರಡುತ್ತದೆ, ರೈತ ಕೇಳಿದರೆ ನಿಂತುಬಿಡುತ್ತದೆ ಎನ್ನುವುದು ನನ್ನ ಗುಮಾನಿ.

ಗುಮಾನಿಗೆ ಅಪವಾದವೂ ಒಂದಿದೆ: ‘ಬೆಳೆ ದರ್ಶಕ’ ಆ್ಯಪ್. ಬೆಳೆ ಸಮೀಕ್ಷೆಯಲ್ಲಿ ತನ್ನ ಸರ್ವೆ ನಂಬರಿಗೆ ಯಾವ ಬೆಳೆ ಬರೆದಿದ್ದಾರೆ ಎಂದು ರೈತ ಫೋಟೊ ಸಮೇತ ನೋಡಬಹುದು, ತಪ್ಪಿದ್ದರೆ ಆಕ್ಷೇಪಣೆ ಹಾಕಬಹುದು. ವಿಮೆ ಕಟ್ಟಿದ್ದು ಸೇಂಗಾಕ್ಕೆ, ಸಮೀಕ್ಷೆಯಲ್ಲಿರುವುದು ತೊಗರಿ ಎಂದಾದರೆ ಪರಿಹಾರಕ್ಕೆ ತಡೆ ಬೀಳುತ್ತದೆ. ಆಕ್ಷೇಪಣೆಗೆ ಗಡುವಿದೆ, ಅದು ಮುಗಿಯುವ ಮುನ್ನ ನೋಡಿಕೊಳ್ಳಬೇಕು.