ಗೋಮಾಳ ನುಂಗುವ ಹೂಗಿಡ: ಲಂಟಾನದ ಹತೋಟಿ

ನಿಮ್ಮ ತಂದೆಯವರ ಕಾಲದಲ್ಲಿ ಊರಿನ ದನಗಳು ಮೇಯುತ್ತಿದ್ದ ಗೋಮಾಳವನ್ನು ಒಮ್ಮೆ ನೆನಪಿಸಿಕೊಳ್ಳಿ. ಈಗ ಅಲ್ಲಿರುವುದು ಹುಲ್ಲೋ, ಆಳೆತ್ತರದ ಲಂಟಾನ ಪೊದೆಯೋ?

ಈ ಗಿಡದ ತವರು ಅಮೆರಿಕ ಖಂಡದ ಉಷ್ಣವಲಯ. ಒಂದೇ ಗೊಂಚಲಿನಲ್ಲಿ ಹಳದಿ, ಕೇಸರಿ, ಗುಲಾಬಿ ಬಣ್ಣ ತೋರುವ ಹೂವಿನ ಸೊಗಸಿಗಾಗಿ 19ನೆಯ ಶತಮಾನದ ಆರಂಭದಲ್ಲಿ ಇದನ್ನು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದರು. ಅಲಂಕಾರಕ್ಕೆ ಬಂದದ್ದು ಬೇಲಿಗೆ ಇಳಿಯಿತು. ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ಕಾಡುಗಳಿಗೂ ಹಬ್ಬಿತು. ಕಪ್ಪಗೆ ಮಾಗಿದ ಹಣ್ಣನ್ನು ಪಿಕಳಾರ, ಗೊರವಂಕಗಳು ತಿಂದು, ಕೂತ ಮರದಡಿ ಬೀಜ ಉದುರಿಸುತ್ತವೆ. ಪೊದೆ ದಟ್ಟವಾದ ಮೇಲೆ ನೆಲಕ್ಕೆ ಬಿಸಿಲು ಬೀಳದು. ಹುಲ್ಲು ಸಾಯುತ್ತದೆ, ನೆಲ್ಲಿ, ಹೊನ್ನೆಯಂಥ ನಮ್ಮ ಮರಗಳ ಸಸಿಗಳು ಮೇಲೇಳುವುದಿಲ್ಲ.

ದನಗಳು ಸಾಮಾನ್ಯವಾಗಿ ಇದರ ನಾತದ ಎಲೆಯನ್ನು ಮುಟ್ಟವು. ಆದರೆ ಬರಗಾಲದ ಹಸಿವಿನಲ್ಲಿ, ಇಲ್ಲವೆ ಹೊಸದಾಗಿ ಕೊಂಡುತಂದ ಹಸು ಅರಿಯದೆ ತಿನ್ನುವುದುಂಟು. ಎಲೆಯಲ್ಲಿರುವ ಲಂಟಡೀನ್ ಎಂಬ ವಿಷ ಪಿತ್ತಜನಕಾಂಗವನ್ನು ಕೆಡಿಸುತ್ತದೆ. ಮೇವು ಬಿಡುವುದು, ಸಗಣಿ ಗಟ್ಟಿಯಾಗುವುದು, ಕಣ್ಣು ಹಳದಿಯಾಗುವುದು, ಬಿಸಿಲಿಗೆ ಮೂತಿ, ಕಿವಿಗಳ ಚರ್ಮ ಕೆಂಪಾಗಿ ಒಡೆಯುವುದು ಇದರ ಲಕ್ಷಣಗಳು. ಅಂಥ ಹಸುವನ್ನು ನೆರಳಿನಲ್ಲಿ ಕಟ್ಟಿ, ಅಂದೇ ಪಶುವೈದ್ಯರಿಗೆ ತೋರಿಸಿ. ನೋಡೋಣವೆಂದು ಎರಡು ದಿನ ಕಳೆದರೆ ಉಳಿಸುವುದು ಕಷ್ಟ.

ಸವರಿ ಸುಟ್ಟರೆ ಹೋಗುವುದಿಲ್ಲವೆ ಎಂದು ಹಲವರು ಕೇಳುತ್ತಾರೆ. ನಾನೂ ಹಾಗೆ ಮಾಡಿದವನೇ. ಒಂದು ಬೇಸಿಗೆಯಲ್ಲಿ ನಮ್ಮ ಹೊಲದ ಬದುವಿನ ಲಂಟಾನವನ್ನು ಮಚ್ಚಿನಿಂದ ಸವರಿಸಿ ಬೆಂಕಿ ಇಡಿಸಿದೆ. ಮಳೆ ಬಿದ್ದ ಮೇಲೆ ಒಂದೊಂದು ಬುಡದಿಂದಲೂ ಹಲವು ಕವಲು ಚಿಗುರಿದವು. ನಮ್ಮ ತಂದೆಯವರು ನೋಡಿ, "ಬೆಳೆ ಚೆನ್ನಾಗಿ ಬಂದಿದೆಯಪ್ಪ, ಯಾವ ಗೊಬ್ಬರ ಹಾಕಿದೆ?" ಎಂದರು! ಎಲೆಯ ರಸ ಹೀರುವ ತಿಗಣೆಯೊಂದನ್ನು 1941ರಲ್ಲಿ ಆಸ್ಟ್ರೇಲಿಯದಿಂದ ನಮ್ಮ ದೇಶಕ್ಕೆ ತಂದದ್ದೂ ಉಂಟು. ಎಲೆ ಉದುರಿತು, ಗಿಡ ಮತ್ತೆ ಚಿಗುರಿತು.

ಮರುಚಿಗುರಿನ ಗುಟ್ಟು ಬುಡದಲ್ಲಿದೆ. ಕಾಂಡ ಮತ್ತು ಬೇರು ಕೂಡುವೆಡೆ, ನೆಲಮಟ್ಟದ ಕೆಳಗೇ, ಮೊಗ್ಗುಗಳು ಅಡಗಿರುತ್ತವೆ. ಆದ್ದರಿಂದ ಮೊದಲ ಮಳೆಗೆ ಮಣ್ಣು ಸಡಿಲವಾದಾಗ, ಹಣ್ಣು ಮಾಗುವ ಮುನ್ನ, ಬುಡದ ಮಣ್ಣು ಸರಿಸಿ ತಾಯಿಬೇರನ್ನು ಎರಡು ಮೂರು ಅಂಗುಲ ಕೆಳಗೆ ಗುದ್ದಲಿಯಿಂದ ಕತ್ತರಿಸಬೇಕು. ಕಿತ್ತ ಗಿಡವನ್ನು ಬೇರು ಮೇಲಾಗುವಂತೆ ತಲೆಕೆಳಗಾಗಿ ಇಟ್ಟು ಒಣಗಿಸಬೇಕು. ಹಸಿ ಕಾಂಡ ಒದ್ದೆ ಮಣ್ಣಿಗೆ ತಾಕಿದರೆ ಅಲ್ಲಿಯೇ ಬೇರು ಬಿಡಬಹುದು. ಹೂ ಬಿಡದ ಸೊಪ್ಪನ್ನು ಗೊಬ್ಬರದ ಗುಂಡಿಗೆ ಹಾಕಬಹುದು. ಕಾಯಿ ಕಟ್ಟಿದ್ದನ್ನು ಹಾಕಬೇಡಿ. ಕಾಂಡವೂ ವ್ಯರ್ಥವಲ್ಲ, ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದರಿಂದ ಕುರ್ಚಿ, ಮೇಜುಗಳನ್ನು ಮಾಡಿದ್ದಾರೆ.

ತೆರವಾದ ನೆಲವನ್ನು ಬರಿದಾಗಿ ಬಿಡಬಾರದು. ಅದೇ ಮಳೆಯಲ್ಲಿ ಸ್ಥಳೀಯ ಹುಲ್ಲಿನ ಬೀಜ ಎರಚಿ, ದನ ಬಿಡದೆ ಕಾಯಬೇಕು. ಹಕ್ಕಿ ಕೂರುವ ಮರಗಳ ಬುಡವನ್ನು ಮುಂದಿನ ಎರಡು ಮೂರು ವರ್ಷ ಪ್ರತಿ ಮಳೆಗಾಲದಲ್ಲಿ ನೋಡಿ, ಎಳೆಯ ಸಸಿಗಳನ್ನು ಕೈಯಲ್ಲೇ ಕೀಳಿ. ಊರಿನವರೆಲ್ಲ ಕೂಡಿ ಮಾಡಿದರೆ ಕೆಲಸ ಹಗುರ, ಏಕೆಂದರೆ ನೆರೆಯವನ ಬೇಲಿಯ ಬೀಜ ನಿಮ್ಮ ಹೊಲಕ್ಕೂ ಬರುತ್ತದೆ. ಅರಣ್ಯ ಇಲಾಖೆಯ ಜಾಗವಾದರೆ ಮೊದಲು ಅವರ ಅನುಮತಿ ಪಡೆಯಿರಿ.

ಬೇಲಿಗೆ ಲಕ್ಕಿ ಗಿಡ ಸಾಕು. ಕಡ್ಡಿ ನೆಟ್ಟರೆ ಬರುತ್ತದೆ, ದನ ಮೇಯುವುದಿಲ್ಲ. ಮನೆಯಂಗಳಕ್ಕೆ ಲಂಟಾನದ ಚಂದದ ತಳಿ ತರುವ ಮೊದಲು, ಅದರ ಪರಾಗವೂ ಕಾಡುಗಿಡಕ್ಕೆ ತಲುಪಬಲ್ಲುದೆಂಬುದನ್ನು ಮನೆಯವರಿಗೆ ತಿಳಿಸಿ.