ಕುಸ್ತಿ ಎಂಬ ಹೆಸರಿನ ಮೂಲ

ಬಾದಾಮಿ, ಹುನಗುಂದ, ಇಳಕಲ್ಲುಗಳ ಸೀಮೆಯಲ್ಲಿ, ಮರೋಳವೇ ಮೊದಲಾದ ಗ್ರಾಮಗಳ ಆಡುನುಡಿಯಲ್ಲಿ, ಮಲ್ಲವಿದ್ಯೆಗೆ ಸಲ್ಲುವ ಹೆಸರು ‘ಕುಸ್ತಿ’. ಅದನ್ನು ಕಲಿತವನು ‘ಪೈಲವಾನ’, ಕಲಿಸುವವನು ‘ಉಸ್ತಾದ’. ಕಲಿಯುವ ಮನೆ ಮಾತ್ರ ‘ಗರಡಿ’. ಮೊದಲಿನ ಮೂರು ಪದಗಳು ಪಾರಸಿ ಭಾಷೆಯಿಂದ ಬಂದವು. ಹೆಸರಿನೊಡನೆ ವಿದ್ಯೆಯೂ ಅಲ್ಲಿಂದಲೇ ಬಂದಿತೆಂಬ ತರ್ಕವು ಇದರಿಂದ ಸುಲಭವಾಗಿ ಹುಟ್ಟುವುದು. ಆದರೆ ಅದು ನಿಲ್ಲತಕ್ಕದ್ದಲ್ಲ.

ಪಾರಸಿಯ ‘ಕುಶ್ತಿ’ಗೆ ಪಹ್ಲವಿ ಭಾಷೆಯ ‘ಕುಸ್ತೀಗ್’ ಮೂಲ. ಅದರ ಅರ್ಥ ನಡುಪಟ್ಟಿ. ಜರತುಷ್ಟ್ರ ಮತದವರು ಸೊಂಟಕ್ಕೆ ಸುತ್ತಿಕೊಳ್ಳುವ ಪವಿತ್ರ ಸೂತ್ರಕ್ಕೆ ಇಂದಿಗೂ ಕುಸ್ತಿಯೆಂದೇ ಹೆಸರು. ಎದುರಾಳಿಯ ನಡುಪಟ್ಟಿಯನ್ನು ಹಿಡಿದು ಕೆಡಹುವ ಕಾಳಗವಾದುದರಿಂದ ಪಟ್ಟಿಯ ಹೆಸರೇ ಕಾಳಗಕ್ಕಾಯಿತು. ‘ಪೈಲವಾನ’ದಲ್ಲಿ ಪಾರ್ಥವ ಜನಾಂಗದ ಹೆಸರು ಅಡಗಿದೆ, ನಮ್ಮ ಪುರಾಣಗಳ ‘ಪಹ್ಲವ’ವೂ ಅದೇ ಶಬ್ದ.

ಈ ಪದಗಳು ಬರುವುದಕ್ಕೆ ಬಹುಪೂರ್ವದಲ್ಲಿಯೇ ಮಲ್ಲವಿದ್ಯೆಯು ಇಲ್ಲಿ ಮಾನ್ಯವಾಗಿದ್ದಿತು. ಕ್ರಿ.ಶ. ಸುಮಾರು 642ರಲ್ಲಿ ವಾತಾಪಿಯನ್ನು ಗೆದ್ದ ಪಲ್ಲವ ನರಸಿಂಹವರ್ಮನ ಬಿರುದು ‘ಮಹಾಮಲ್ಲ’. ಅವನ ಶಾಸನವು ಬಾದಾಮಿಯ ಬಂಡೆಯ ಮೇಲೆ ಇದೆ. (ಈ ಸೀಮೆಯ ಮನೆಮನೆಯಲ್ಲಿರುವ ‘ಮಲ್ಲಪ್ಪ’ನಾದರೋ ಶ್ರೀಶೈಲದ ಮಲ್ಲಿಕಾರ್ಜುನನ ಹೆಸರಿನವನು, ಅವನನ್ನು ಈ ಚರ್ಚೆಗೆ ಎಳೆಯಬೇಕಾದುದಿಲ್ಲ.) ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೆ ಒಂದು ಪ್ರಕರಣವೇ ಮೀಸಲಾಗಿದೆ. ಅಲ್ಲಿ ಮಲ್ಲರನ್ನು ತರತಮದಿಂದ ವಿಂಗಡಿಸಿ, ಶ್ರೇಷ್ಠನನ್ನು ‘ಜ್ಯೇಷ್ಠಿಕ’ನೆಂದು ಕರೆದಿದೆ. ಕನ್ನಡದ ‘ಜಟ್ಟಿ’ಯು ಈ ಕುಲದ ಮಾತು: ಜ್ಯೇಷ್ಠ ಶಬ್ದವು ಪ್ರಾಕೃತದಲ್ಲಿ ‘ಜೆಟ್ಠ’ವಾಗಿ ಬಳಿಕ ಕನ್ನಡಕ್ಕೆ ಇಳಿಯಿತು. ಮೈಸೂರಿನ ದಸರೆಯಲ್ಲಿ ವಜ್ರಮುಷ್ಟಿ ಕಾಳಗವನ್ನಾಡುವವರು ಈ ಜಟ್ಟಿಗಳೇ.

‘ಗರಡಿ’ಯ ಹಳೆಯ ರೂಪ ‘ಗರುಡಿ’. ರೂಪಸಾಮ್ಯವನ್ನು ನಂಬಿ ಗರುಡನನ್ನು ನೆನೆಯುವುದು ಯುಕ್ತವಲ್ಲ. ಶಸ್ತ್ರಾಭ್ಯಾಸದ ಭೂಮಿಯೆಂಬ ಅರ್ಥವುಳ್ಳ ಸಂಸ್ಕೃತದ ‘ಖಲೂರಿಕಾ’, ಮಲೆಯಾಳದ ‘ಕಳರಿ’ ಇವುಗಳೊಡನೆ ಅದನ್ನು ಹೋಲಿಸುವುದೇ ಲೇಸು.

ಇಂತಹ ನಾಮವಿಚಾರವು ನಮ್ಮಲ್ಲಿ ಮಾತ್ರ ಇರುವುದಲ್ಲ. ಓಕಿನಾವಾದ ‘ಕರಾಟೆ’ಯನ್ನು ಮೊದಲು ‘ಚೀನಾದ ಕೈ’ ಎಂಬ ಅರ್ಥದ ಲಿಪಿಗಳಲ್ಲಿ ಬರೆಯುತ್ತಿದ್ದರು. 1936ರಲ್ಲಿ ನಾಹಾ ನಗರದಲ್ಲಿ ಕೂಡಿದ ಗುರುಗಳು ಉಚ್ಚಾರವನ್ನು ಹಾಗೆಯೇ ಉಳಿಸಿಕೊಂಡು, ‘ಬರಿಗೈ’ ಎಂಬ ಅರ್ಥವುಳ್ಳ ಲಿಪಿಯನ್ನು ಒಪ್ಪಿಕೊಂಡರು. ಹೆಸರಿನೊಳಗಿದ್ದ ಚೀನಾದ ಋಣವು ಆಗ ಮರೆಯಾಯಿತು. ‘ಕುಸ್ತಿ’ಯನ್ನು ತೆಗೆದು ‘ಮಲ್ಲಯುದ್ಧ’ವನ್ನೇ ಪಾಠಗಳಲ್ಲಿ ನಿಲ್ಲಿಸಬೇಕೆನ್ನುವ ಉಪಾಧ್ಯಾಯರು ಈ ಪ್ರಸಂಗವನ್ನು ಲಕ್ಷಿಸಬೇಕು. ಗರಡಿಯ ಮಣ್ಣಿನಲ್ಲಿ ಕನ್ನಡ, ಪ್ರಾಕೃತ, ಪಾರಸಿ ಮೂರೂ ಬೆರೆತಿವೆ. ಆ ಮಣ್ಣಿಗೆ ಇಳಿಯುವ ಹುಡುಗನು ಮೂರನ್ನೂ ತನ್ನದೆಂದೇ ಆಡುತ್ತಾನೆ.